ಘಂಟಾನಾದವೂ ಕೇಳುವ ಕಿವಿಯೂ



ಈ ದತ್ತಿಯ ಆಶ್ರಯದಲ್ಲಿ ನಡೆಯತಕ್ಕ ಉಪನ್ಯಾಸವು ನಾದಕ್ಕೆ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ಕುರಿತದ್ದಾಗಿರಬೇಕೆಂಬುದು ದಾನಿಗಳ ಇಷ್ಟವೆಂದು ತಿಳಿಸಿ, ವಿಷಯದ ಆಯ್ಕೆಯನ್ನು ಸಮಿತಿಯವರು ನನಗೇ ಬಿಟ್ಟುಕೊಟ್ಟಾಗ, ರಾಗ, ತಾಳ, ವಾದ್ಯಗಳೆಂಬ ಪರಿಚಿತ ಮಾರ್ಗಗಳನ್ನು ತೊರೆದು, ಯೂರೋಪಿನ ಮಹಾ ಕ್ಯಾಥೀಡ್ರಲುಗಳ ಘಂಟಾನಾದವನ್ನು ಕೇಳುವ ಅನುಭವವನ್ನು ನಾನು ಆರಿಸಿಕೊಂಡೆನು. ದೂರದೇಶದ ವಿಷಯವೊಂದನ್ನು ಕನ್ನಡದ ಸಭೆಯ ಮುಂದಿಡುವುದಕ್ಕೆ ಕಾರಣವನ್ನು ಮೊದಲೇ ನಿವೇದಿಸುವುದು ನ್ಯಾಯ. ನಾದವು ಎಲ್ಲಿ ಹುಟ್ಟುತ್ತದೆ, ಲೋಹದಲ್ಲಿಯೋ, ಗಾಳಿಯಲ್ಲಿಯೋ, ಕೇಳುವವನ ಅಂತಃಕರಣದಲ್ಲಿಯೋ ಎಂಬ ಪ್ರಶ್ನೆ ನಮ್ಮ ಶಾಸ್ತ್ರಕಾರರಿಗೆ ಅಪರಿಚಿತವಾದುದಲ್ಲ. ಆ ಪ್ರಶ್ನೆಗೆ ಈ ಘಂಟೆಗಳು ಕೊಡುವಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಘಂಟೆಯ ಅರ್ಧವನ್ನು ಮಾತ್ರ ಎರಕದವನು ಹೊಯ್ಯುತ್ತಾನೆ, ಉಳಿದರ್ಧವನ್ನು ಕೇಳುವವನು ತುಂಬುತ್ತಾನೆ ಎಂಬುದೇ ಆ ಉತ್ತರ. ಇದು ಧ್ವನಿಶಾಸ್ತ್ರದ ದೃಷ್ಟಿಯಿಂದ ಎಷ್ಟು ನಿಜವೋ ಇತಿಹಾಸದ ದೃಷ್ಟಿಯಿಂದಲೂ ಅಷ್ಟೇ ನಿಜವೆಂದು ತೋರಿಸುವುದು ಇಂದಿನ ನನ್ನ ಪ್ರಯತ್ನ.

ನಾನು ಮುಖ್ಯವಾಗಿ ಆಶ್ರಯಿಸತಕ್ಕ ನಿದರ್ಶನ ಜರ್ಮನಿಯಲ್ಲಿ ರೈನ್ ನದಿಯ ದಡದಲ್ಲಿರುವ ಕೊಲೋನ್ ನಗರದ ಕ್ಯಾಥೀಡ್ರಲ್. 1248ರಲ್ಲಿ ಅಸ್ತಿಭಾರವನ್ನು ಕಂಡು, ಹದಿನಾರನೆಯ ಶತಮಾನದಲ್ಲಿ ಅರ್ಧಕ್ಕೇ ನಿಂತು, ಮೂರು ಶತಮಾನಗಳಿಗೆ ಸಮೀಪವಾದ ಕಾಲವನ್ನು ಅಪೂರ್ಣವಾಗಿಯೇ ಕಳೆದು, 1842ರಲ್ಲಿ ಮತ್ತೆ ಪ್ರಾರಂಭವಾಗಿ, ಕಡೆಗೆ 1880ರಲ್ಲಿ ಮುಗಿದ ಈ ಕಟ್ಟಡದ ಅವಳಿ ಶಿಖರಗಳು 157 ಮೀಟರುಗಳಷ್ಟು ಎತ್ತರವಾಗಿವೆ. ನಮ್ಮ ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಯನ್ನು ನೋಡಿದವರಿಗೆ ಈ ರೂಪವು ಪೂರ್ತಿ ಹೊಸದೆನಿಸಲಾರದು. ನಾಲ್ವಡಿ ಕೃಷ್ಣರಾಜ ಒಡೆಯರವರು 1933ರಲ್ಲಿ ಶಂಕುಸ್ಥಾಪನೆ ಮಾಡಿದ ಆ ಇಗರ್ಜಿಯ ಜೋಡಿ ಶಿಖರಗಳಿಗೆ ಕೊಲೋನಿನದೇ ಪ್ರೇರಣೆಯೆಂದು ಹೇಳುವುದು ವಾಡಿಕೆ. ಆದರೆ ಕಣ್ಣಿಗೆ ಕಾಣುವ ಶಿಖರವನ್ನು ಮತ್ತೊಂದೆಡೆ ಅನುಕರಿಸಬಹುದು. ಕೊಲೋನಿನ ದಕ್ಷಿಣ ಗೋಪುರದೊಳಗೆ, ನೆಲದಿಂದ ಐವತ್ತು ಮೀಟರುಗಳಿಗಿಂತ ಮೇಲೆ, ಕಲ್ಲಿನ ಜಾಲಂದ್ರಗಳ ಹಿಂದೆ ತೂಗುತ್ತಿರುವ ಘಂಟೆಗಳ ಸಮುದಾಯಕ್ಕೆ ಮಾತ್ರ ಅನುಕೃತಿಯೆಂಬುದಿಲ್ಲ.

ಗೋಪುರದ ಮೇಲಣ ಅಂಕಣಕ್ಕೆ ಕೊಂಡೊಯ್ಯುವ 533 ಮೆಟ್ಟಿಲುಗಳ ಸುರುಳಿ ದಾರಿಯಲ್ಲಿ ಅರ್ಧದಷ್ಟನ್ನು ಏರಿದವನಿಗೆ ಈ ಘಂಟಾಗೃಹದ ದರ್ಶನವಾಗುತ್ತದೆ. ಅಲ್ಲಿ 1448ರಲ್ಲಿ ಎರಕ ಹೊಯ್ದ ಪ್ರೆಟಿಯೋಸಾ, ಅದರ ಮಾರನೆಯ ವರ್ಷದ ಸ್ಪೆಸಿಯೋಸಾ ಎಂಬ ಪ್ರಾಚೀನ ಘಂಟೆಗಳು ಇವೆ. ಇವುಗಳೆಲ್ಲಕ್ಕೂ ಹಿರಿದಾಗಿ, ಆದರೆ ವಯಸ್ಸಿನಲ್ಲಿ ಬಹಳ ಕಿರಿದಾಗಿ, ಸಂತ ಪೀಟರನ ಹೆಸರಿನ ಮಹಾಘಂಟೆ ಇದೆ. ಸುಮಾರು 24 ಟನ್ನುಗಳ ತೂಕ, ಬಾಯಿಯ ಅಡ್ಡಗಲ 3.22 ಮೀಟರು. ಇದನ್ನು ಅಪೋಲ್ಡಾ ಎಂಬ ಊರಿನಲ್ಲಿ ಹೈನ್‌ರಿಖ್ ಉಲ್ರಿಖ್ ಎಂಬ ಎರಕದ ಕುಶಲಿ 1923ರ ಮೇ ತಿಂಗಳಲ್ಲಿ ಹೊಯ್ದನು. ಊರಿನ ಜನ ಸಲಿಗೆಯಿಂದ ಇದನ್ನು ದಪ್ಪ ಪೀಟರನೆಂದು ಕರೆಯುತ್ತಾರೆ. ಇದು ಪ್ರತಿನಿತ್ಯ ನುಡಿಯತಕ್ಕ ಘಂಟೆಯಲ್ಲ. ಕ್ರಿಸ್ಮಸ್, ಈಸ್ಟರ್ ಮೊದಲಾದ ಮಹಾಪರ್ವಗಳಲ್ಲಿ, ಪೋಪರ ಅಥವಾ ಆರ್ಚ್‌ಬಿಷಪ್ಪರ ಮರಣದಂಥ ಅಪೂರ್ವ ಸಂದರ್ಭಗಳಲ್ಲಿ ಮಾತ್ರ ಇದರ ಕಂಠ ಕೇಳಿಬರುತ್ತದೆ. ವಿರಳತೆಯು ಇದರ ಗೌರವದ ಒಂದು ಅಂಗ. ವರ್ಷದ ಬಹುಭಾಗವನ್ನು ಮೌನದಲ್ಲಿ ಕಳೆಯುವುದರಿಂದಲೇ, ನುಡಿದ ದಿನ ಊರೆಲ್ಲ ತಲೆಯೆತ್ತಿ ಕೇಳುತ್ತದೆ.

ಈ ನಾದವನ್ನು ಕ್ರಿಸ್ಮಸ್ಸಿನ ಮುನ್ನಾದಿನದ ಸಂಜೆ, ಕ್ಯಾಥೀಡ್ರಲಿನ ಮುಂದಣ ಕಲ್ಲುಹಾಸಿನ ಅಂಗಳದಲ್ಲಿ ನಿಂತು ಕೇಳುವ ಭಾಗ್ಯ ನನ್ನದಾಯಿತು. ನಗರದ ಮುಖ್ಯ ರೈಲು ನಿಲ್ದಾಣವು ಇಗರ್ಜಿಯ ಪಕ್ಕದಲ್ಲಿಯೇ ಇರುವುದರಿಂದ, ಹಬ್ಬಕ್ಕೆ ಮನೆ ಸೇರುವ ಆತುರದಲ್ಲಿದ್ದ ಪ್ರಯಾಣಿಕರು ಪೆಟ್ಟಿಗೆಗಳನ್ನು ಎಳೆದುಕೊಂಡು ಆ ಅಂಗಳವನ್ನು ದಾಟುತ್ತಲಿದ್ದರು. ಅಲ್ಲಿ ಬಹುಕಾಲದಿಂದ ನೆಲಸಿದ್ದ ಕನ್ನಡಿಗ ಮಿತ್ರರೊಬ್ಬರು ನನ್ನ ಜೊತೆಯಲ್ಲಿದ್ದರು. ಹೊತ್ತಾದರೂ ಏನೂ ಕೇಳಿಸದೆ ನಾನು ಅವರ ಮುಖವನ್ನು ನೋಡಿದಾಗ, ಅವರು ಗೋಪುರದ ಕಡೆಗೆ ಕೈತೋರಿಸಿ, "ಆಗಲೇ ತೂಗೋಕೆ ಷುರುವಾಗಿರುತ್ತೆ ಸಾರ್, ನಾಲಗೆ ಇನ್ನೂ ಮುಟ್ಟಿಲ್ಲ. ಒಂದು ಚೂರು ತಾಳಿ" ಎಂದರು. ಆ ಮಾತು ಅಕ್ಷರಶಃ ನಿಜ. ಇಂಥ ಘಂಟೆಯನ್ನು ಹೊಡೆಯುವುದಿಲ್ಲ, ತೂಗುತ್ತಾರೆ. ಹಿಂದೆ ಹತ್ತಾರು ಮಂದಿ ಹಗ್ಗವೆಳೆದು ಮಾಡುತ್ತಿದ್ದ ಈ ಕೆಲಸವನ್ನು ಈಗ ವಿದ್ಯುದ್ಯಂತ್ರವು ಮಾಡುತ್ತದೆ. ಆದರೂ ಅಷ್ಟು ದೊಡ್ಡ ಲೋಹರಾಶಿಯನ್ನು ಒಮ್ಮೆಗೇ ತೂಗುವುದಕ್ಕಾಗುವುದಿಲ್ಲ; ನೊಗಕ್ಕೆ ಕಟ್ಟಿದ ಘಂಟೆಯು ಮೊದಲು ಅಲ್ಪವಾಗಿ, ಬಳಿಕ ಸ್ವಲ್ಪ ಹೆಚ್ಚಾಗಿ, ಪ್ರತಿ ಸಾರಿಗೂ ತನ್ನ ವ್ಯಾಪ್ತಿಯನ್ನು ಹಿಗ್ಗಿಸಿಕೊಳ್ಳುತ್ತ, ನಿಶ್ಶಬ್ದವಾಗಿಯೇ ಹಲವು ಬಾರಿ ಹೋಗಿಬಂದ ತರುವಾಯ ಒಳಗಿನ ನಾಲಗೆಯು ಅಂಚನ್ನು ಮುಟ್ಟುತ್ತದೆ.

ಮೊದಲನೆಯ ಆಘಾತವು ಬಂದಾಗ ಅದನ್ನು ಕಿವಿಯಿಂದ ಕೇಳಿದೆನೆಂದು ಹೇಳುವುದಕ್ಕಿಂತ ಎದೆಯಿಂದ ಕೇಳಿದೆನೆಂದು ಹೇಳುವುದೇ ಸರಿಯಾದೀತು. ಅದರ ಅತ್ಯಂತ ತಗ್ಗಿನ ಅನುನಾದವು ಬಹಳ ಮಂದ್ರಕಂಠದ ಗಾಯಕನಿಗೂ ಕೊನೆಯ ಮೆಟ್ಟಿಲಾದೀತೆನ್ನುವಷ್ಟು ಕೆಳಗಿನದು. ಮೇಲಣ ಸ್ವರಗಳು ಕಂಚಿನ ಕಾಂತಿಯಿಂದ ಥಳಥಳಿಸಿ ಬೇಗನೆ ಕರಗಿಹೋಗುತ್ತವೆ. ನಡುವಣವು ಕೊಂಚ ಹೆಚ್ಚು ಹೊತ್ತು ನಿಲ್ಲುತ್ತವೆ. ಎಲ್ಲಕ್ಕೂ ಕೆಳಗಿನ ಹುಂಕಾರವು ಮುಂದಿನ ಆಘಾತವು ಬರುವ ತನಕವೂ ನೆಲದ ಹತ್ತಿರ ಹರಡಿಕೊಂಡೇ ಇರುತ್ತದೆ. ತೂಗುವ ಘಂಟೆಯ ಬಾಯಿ ಒಮ್ಮೆ ನಮ್ಮ ಕಡೆಗೂ ಒಮ್ಮೆ ಆಚೆ ಕಡೆಗೂ ತಿರುಗುವುದರಿಂದ ನಾದವು ಸಮೀಪಿಸಿ ಸಮೀಪಿಸಿ ದೂರಸರಿಯುತ್ತದೆ. ಇದಲ್ಲದೆ ಮತ್ತೊಂದು ಮಿಡಿತವೂ ಉಂಟು. ಎಷ್ಟೇ ಜಾಗರೂಕತೆಯಿಂದ ಹೊಯ್ದರೂ ಘಂಟೆಯ ವರ್ತುಲವು ಅಣುಮಾತ್ರವಾದರೂ ಅಸಮವಾಗಿರುವುದರಿಂದ, ಒಂದೇ ಸ್ವರವಾಗಬೇಕಾದುದು ಅತಿ ಸಮೀಪದ ಎರಡು ಸ್ವರಗಳಾಗಿ ಒಡೆದು, ಒಂದನ್ನೊಂದು ಕೂಡಿ ಕಳೆದು, ನಾದದ ಒಡಲಿನಲ್ಲಿ ಉಸಿರಾಟದಂಥ ಏರಿಳಿತವನ್ನು ಉಂಟುಮಾಡುತ್ತದೆ. ಶಿಲ್ಪದ ನ್ಯೂನತೆಯೇ ಹೀಗೆ ನಾದದ ಪ್ರಾಣವಾಗುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಉಳಿದ ಘಂಟೆಗಳೂ ಕೂಡಿಕೊಂಡವು. ಒಂದೊಂದು ಘಂಟೆಯೂ ತನ್ನ ಗಾತ್ರಕ್ಕೆ ಸಹಜವಾದ ವೇಗದಲ್ಲಿ ತೂಗುವುದರಿಂದ ಅವುಗಳಿಗೆ ಸಮಾನವಾದ ತಾಳವಿಲ್ಲ. ಈಗ ಎರಡು ಒಟ್ಟಿಗೆ ಬಡಿದವು, ಈಗ ನಾಲ್ಕು ಒಂದರ ಬೆನ್ನಿಗೊಂದು ಬಂದವು, ಈಗ ಎಲ್ಲವೂ ಬೇರೆಯಾದವು. ಮುಂದೆ ಯಾವ ಸಂಯೋಗ ಬಂದೀತೆಂದು ಹೇಳುವುದಕ್ಕೆ ಯಾರಿಂದಲೂ ಸಾಧ್ಯವಿಲ್ಲ. ರಚಿಸಿದವನೊಬ್ಬನಿಲ್ಲದ ಈ ಸಂಗೀತವನ್ನು ಕೇಳುತ್ತ ನಾನು ಸುತ್ತಲೂ ನೋಡಿದೆನು. ಪೆಟ್ಟಿಗೆಯೆಳೆಯುತ್ತಿದ್ದವರಲ್ಲಿ ಹಲವರು ನಿಂತುಬಿಟ್ಟಿದ್ದರು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡಿದ್ದ ತರುಣನೊಬ್ಬನು ಅದನ್ನು ತೆಗೆದು ಜೇಬಿಗೆ ಹಾಕಿದನು. ನನ್ನ ಹತ್ತಿರವೇ ಒಬ್ಬ ತಾಯಿ ತನ್ನ ಚಿಕ್ಕ ಮಗಳ ಅಂಗೈಯನ್ನು ಮಗುವಿನ ಎದೆಯ ಮೇಲೆಯೇ ಒತ್ತಿ ಹಿಡಿದಳು. ಹೊರಗೆ ಕೇಳುತ್ತಿರುವುದು ಒಳಗೂ ಕಂಪಿಸುತ್ತಿರುವುದನ್ನು ಮುಟ್ಟಿ ತಿಳಿದ ಆ ಮಗುವಿನ ಮುಖದಲ್ಲಿ ಮೊದಲು ಅಂಜಿಕೆಯೂ ಕೂಡಲೇ ಪರಮಾನಂದವೂ ಕಾಣಿಸಿತು. ನಾದಶಾಸ್ತ್ರದ ಪ್ರಥಮ ಪಾಠ ಅದಕ್ಕಿಂತ ಚೆನ್ನಾಗಿ ಆಗುವುದು ಹೇಗೆ?

ಈಗ ಆ ಪಾಠವನ್ನೇ ಸ್ವಲ್ಪ ವಿಸ್ತರಿಸುವುದಕ್ಕೆ ಅನುಮತಿಯನ್ನು ಬೇಡುತ್ತೇನೆ. ಘಂಟೆಯ ಕಂಚು ನೂರು ಪಾಲಿನಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ತವರ ಕಡಮೆಯಾದರೆ ನಾದ ಮಂಕಾಗುತ್ತದೆ, ಹೆಚ್ಚಾದರೆ ಲೋಹವು ಗಾಜಿನಂತೆ ಬಿರುಸಾಗಿ ಒಡೆಯುತ್ತದೆ. ಮಣ್ಣಿನ ಒಳ ಅಚ್ಚು, ಹೊರ ಅಚ್ಚುಗಳ ನಡುವಣ ತೆರಪಿನಲ್ಲಿ ಕರಗಿದ ಕಂಚನ್ನು ತುಂಬಿಸಿ, ಕುಣಿಯಲ್ಲಿ ಹೂತು, ಮಹಾಘಂಟೆಯಾದರೆ ವಾರಗಳ ಕಾಲ ಆರಲು ಬಿಟ್ಟು, ಕಡೆಗೆ ಅಗೆದು ತೆಗೆಯುತ್ತಾರೆ. ಅದರ ಸ್ವರವೆಲ್ಲವೂ ಗೋಡೆಯ ದಪ್ಪ ತೆಳುಗಳ ರೇಖೆಯನ್ನೇ ಅವಲಂಬಿಸಿರುತ್ತದೆ. ಹದಿನೇಳನೆಯ ಶತಮಾನದಲ್ಲಿ ನೆದರ್ಲೆಂಡಿನ ಹೆಮೋನಿ ಸಹೋದರರು, ಯೂಟ್ರೆಕ್ಟಿನ ಅಂಧ ಸಂಗೀತಗಾರ ಯಾಕೊಬ್ ಫಾನ್ ಐಕನ ಸೂಕ್ಷ್ಮವಾದ ಕಿವಿಯನ್ನೇ ಪ್ರಮಾಣವಾಗಿಟ್ಟುಕೊಂಡು, ಘಂಟೆಯ ಒಳಗೋಡೆಯನ್ನು ತಕ್ಕ ತಾಣಗಳಲ್ಲಿ ಕೆರೆದು ಅದರ ಅಂಶಸ್ವರಗಳನ್ನು ಶ್ರುತಿಗೊಳಿಸುವ ವಿದ್ಯೆಯನ್ನು ಸಾಧಿಸಿದರು. ಅವರ ತರುವಾಯ ಲುಪ್ತಪ್ರಾಯವಾಗಿದ್ದ ಆ ವಿದ್ಯೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಪಾದ್ರಿ ಆರ್ಥರ್ ಸಿಂಪ್ಸನ್ನರ ಲೇಖನಗಳಿಂದ ಪುನರುಜ್ಜೀವನವನ್ನು ಪಡೆಯಿತು.

ಅಂಶಸ್ವರಗಳೆಂದೆನು. ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿದಾಗ ಯಾರೂ ಮೀಟದ ಅಂತರ ಗಾಂಧಾರವು ತಾನಾಗಿ ಕೇಳಿಬರುವುದನ್ನು ಬಲ್ಲ ಈ ಸಭೆಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ತಂತಿಗೂ ಘಂಟೆಗೂ ಒಂದು ದೊಡ್ಡ ಭೇದ ಉಂಟು. ತಂತಿಯ ಅನುಸ್ವರಗಳು ಒಂದು, ಎರಡು, ಮೂರು ಎಂಬ ಸರಳ ಸಂಖ್ಯೆಗಳ ಕ್ರಮವನ್ನು ಅನುಸರಿಸುತ್ತವೆ, ಘಂಟೆಯವು ಹಾಗಲ್ಲ. ಚೆನ್ನಾಗಿ ಶ್ರುತಿಗೊಳಿಸಿದ ಘಂಟೆಯಲ್ಲಿ ಮೂಲಸ್ವರದ ಒಂದು ಸ್ಥಾಯಿ ಕೆಳಗೆ ಹುಂಕಾರವೂ, ಮೇಲೆ ಪಂಚಮವೂ, ತಾರಷಡ್ಜವೂ ಇದ್ದು, ಇವುಗಳ ನಡುವೆ ಒಂದು ಸಾಧಾರಣ ಗಾಂಧಾರವು ಬಲವಾಗಿ ಕೇಳಿಬರುತ್ತದೆ. ತಂಬೂರಿ ಕೊಡುವುದು ಅಂತರ ಗಾಂಧಾರ, ಘಂಟೆ ಕೊಡುವುದು ಸಾಧಾರಣ ಗಾಂಧಾರ. ಮದುವೆಯ ದಿನದ ಘಂಟಾನಾದದಲ್ಲಿಯೂ ಮಿಳಿತವಾಗಿರುವ ಆ ಕರುಣೆಯ ಛಾಯೆಗೆ ಈ ಗಾಂಧಾರವೇ ಕಾರಣ. ಸಂತೋಷಕ್ಕೂ ಶೋಕಕ್ಕೂ ಒಂದೇ ಘಂಟೆ ಸಲ್ಲುವುದರ ಗುಟ್ಟು, ನನ್ನ ಮಟ್ಟಿಗೆ, ಅಲ್ಲಿಯೇ ಇದೆ.

ಇದಕ್ಕಿಂತಲೂ ವಿಸ್ಮಯಕರವಾದುದು ಇನ್ನೊಂದುಂಟು. ನಾಲಗೆಯು ತಾಕಿದ ಕ್ಷಣದಲ್ಲಿ ನಾವು ಸ್ಪಷ್ಟವಾಗಿ ಗ್ರಹಿಸಿ, ಇದು ಇಂಥ ಸ್ವರದ ಘಂಟೆಯೆಂದು ಹೆಸರಿಸುವ ಆ ಮುಖ್ಯಸ್ವರಕ್ಕೆ ಅನುಗುಣವಾಗಿ ಲೋಹದಲ್ಲಿ ಒಂದು ಕಂಪನ ಇದ್ದೇ ಇರಬೇಕೆಂಬ ನಿಯಮವಿಲ್ಲ. ಭೌತವಿಜ್ಞಾನಿ ಲಾರ್ಡ್ ರೇಲಿಯವರು 1890ರಲ್ಲಿ ಹಲವು ಘಂಟೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೇಳುವವರು ಹೆಸರಿಸುವ ಸ್ವರವು ಘಂಟೆಯ ಐದನೆಯ ಅಂಶಸ್ವರಕ್ಕೆ ಒಂದು ಸ್ಥಾಯಿ ಕೆಳಗೆ ಬೀಳುತ್ತದೆಂಬುದನ್ನೂ, ಆ ಸ್ಥಾನದಲ್ಲಿ ಘಂಟೆಯು ಕಂಪಿಸದೆ ಇದ್ದಾಗಲೂ ಅದು ಕೇಳಿಸುತ್ತದೆಂಬುದನ್ನೂ ಕಂಡರು. ಈ ಒಗಟು ಬಿಡಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. 1940ರ ಸುಮಾರಿನಿಂದ ಡಚ್ ವಿಜ್ಞಾನಿ ಸ್ಖೌಟೆನ್ ಮೊದಲಾದವರು ಶ್ರವಣೇಂದ್ರಿಯವನ್ನು ಕುರಿತು ನಡೆಸಿದ ಸಂಶೋಧನೆಯ ಬೆಳಕಿನಲ್ಲಿ. ಮೇಲಣ ಅಂಶಸ್ವರಗಳಲ್ಲಿ ಮೂರು, ಎರಡು, ಮೂರು, ನಾಲ್ಕು ಎಂಬ ಪ್ರಮಾಣದಲ್ಲಿ ಒಂದರ ಮೇಲೊಂದು ಇರುತ್ತವೆ. ಈ ಮೂರನ್ನು ಕೇಳಿದ ಶ್ರವಣಶಕ್ತಿಯು, ಅವು ಯಾವ ಒಂದರ ಮಕ್ಕಳಾಗಿರಬೇಕೋ ಆ ತಾಯಿಸ್ವರವನ್ನು, ಗಾಳಿಯಲ್ಲಿ ಅದು ಇಲ್ಲದಿದ್ದರೂ, ತಾನೇ ಸೃಷ್ಟಿಸಿಕೊಳ್ಳುತ್ತದೆ. ಅಂದಮೇಲೆ ಘಂಟೆಯ ಅತಿ ಮುಖ್ಯವಾದ ಸ್ವರ ಗೋಪುರದಲ್ಲಿಲ್ಲ. ಅಂಗಳದಲ್ಲಿ ನಿಂತವನ ಕಿವಿಯಲ್ಲಿದೆ, ನಿಂತವರು ಸಾವಿರ ಮಂದಿಯಾದರೆ ಸಾವಿರ ಕಿವಿಗಳಲ್ಲಿದೆ.

ಈ ಮಾತನ್ನು ಬೇರೊಂದು ದಿಕ್ಕಿನಿಂದ ಸಮರ್ಥಿಸುವ ಪ್ರಯೋಗವೊಂದನ್ನು ಪ್ಯಾರಿಸಿನ ರೇಡಿಯೋ ಕಾರ್ಯಕರ್ತ ಪಿಯರ್ ಷೆಫರ್ 1948ರಲ್ಲಿ ನಡೆಸಿದನು. ಘಂಟಾನಾದವನ್ನು ಮುದ್ರಿಸಿಕೊಂಡು, ನಾಲಗೆ ತಾಕುವ ಆರಂಭದ ಕ್ಷಣವೊಂದನ್ನು ಮಾತ್ರ ತೆಗೆದುಹಾಕಿ ಉಳಿದುದನ್ನು ನುಡಿಸಿದಾಗ, ಅದು ಘಂಟೆಯದೆಂದೇ ತಿಳಿಯದೆ, ಓಬೋ ಎಂಬ ಊದುವ ವಾದ್ಯದ ಧ್ವನಿಯಂತೆ ಕೇಳಿಸಿತು. ದೀರ್ಘವಾದ ಅನುರಣನವೆಲ್ಲ ಹಾಗೆಯೇ ಇದ್ದಿತು. ಆದಿಯು ಹೋದುದರಿಂದ ಘಂಟೆಯೇ ಹೋಯಿತು. ಕೇಳುವಿಕೆಯು ಕ್ಷಣಕ್ಷಣವನ್ನೂ ಪ್ರತ್ಯೇಕವಾಗಿ ಸ್ವೀಕರಿಸುವ ನಿಷ್ಕ್ರಿಯ ವ್ಯಾಪಾರವಲ್ಲ. ಹಿಂದಿನ ಕ್ಷಣವನ್ನು ನೆನಪಿನಲ್ಲಿ ಹಿಡಿದು ಮುಂದಿನದಕ್ಕೆ ಅರ್ಥವನ್ನು ಕೊಡತಕ್ಕ ಕ್ರಿಯೆಯೆಂಬುದು ಇದರಿಂದ ಸಿದ್ಧವಾಗುತ್ತದೆ.

ಇದೇ ಷೆಫರನ ಹೆಸರು ಇತಿಹಾಸದ ಇನ್ನೊಂದು ಘಂಟಾನಾದದೊಡನೆಯೂ ಸೇರಿಕೊಂಡಿದೆ. 1944ರ ಆಗಸ್ಟ್ 24ರ ರಾತ್ರಿ, ನಾಲ್ಕು ವರ್ಷಗಳ ಪರಾಧೀನತೆಯ ಬಳಿಕ, ಬಿಡುಗಡೆಯ ಸೈನ್ಯದ ಮೊದಲ ತುಕಡಿಯು ಪ್ಯಾರಿಸಿನ ಪುರಭವನವನ್ನು ಮುಟ್ಟಿದಾಗ, ನಗರದ ಇಗರ್ಜಿಗಳೆಲ್ಲವೂ ಘಂಟೆಗಳನ್ನು ಮೊಳಗಿಸಬೇಕೆಂದು ರೇಡಿಯೋದಲ್ಲಿ ಕರೆಕೊಟ್ಟ ಧ್ವನಿ ಅವನದು. ನೋತ್ರ್ ದಾಮ್ ಕ್ಯಾಥೀಡ್ರಲಿನ ಇಮ್ಯಾನ್ಯುಯೆಲ್ ಎಂಬ ಹದಿಮೂರು ಟನ್ನುಗಳ ಘಂಟೆ ನುಡಿಯಿತು. ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ಮರು ಎರಕವಾಗಿ, ಮಹಾಕ್ರಾಂತಿಯಲ್ಲಿ ಸಂಗಡಿಗ ಘಂಟೆಗಳೆಲ್ಲ ಕರಗಿಹೋದರೂ ತಾನೊಂದೇ ಉಳಿದುಕೊಂಡ ಘಂಟೆ ಅದು. ದೀಪಗಳಿಲ್ಲದ ನಗರದಲ್ಲಿ, ಬೀದಿಗೆ ಇಳಿಯುವುದಕ್ಕೆ ಇನ್ನೂ ಅಂಜುತ್ತಿದ್ದ ಜನ, ಮನೆಯೊಳಗೆ ಕುಳಿತೇ, ತಾವು ಸ್ವತಂತ್ರರಾದೆವೆಂಬುದನ್ನು ಆ ನಾದದಿಂದ ತಿಳಿದರು. ಯುದ್ಧವು ಇನ್ನೂ ಮುಗಿದಿರಲಿಲ್ಲ, ಶತ್ರುವು ಇನ್ನೂ ಊರೊಳಗಿದ್ದನು. ಆದರೂ ಎಲ್ಲರೂ ಒಟ್ಟಿಗೆ ಕೇಳಿದುದರಿಂದಲೇ ಅವರಿಗೆ ತಾವು ಒಂದು ಜನಾಂಗವೆಂಬ ಅರಿವು ಮರಳಿತು. ಲೋಹವು ಕೊಟ್ಟದ್ದು ಸ್ವರವನ್ನು, ಸ್ವಾತಂತ್ರ್ಯವೆಂಬ ಅರ್ಥವನ್ನು ಕೊಟ್ಟವರು ಕೇಳಿದವರು. ಅದೇ ಕ್ಯಾಥೀಡ್ರಲು 2019ರ ಏಪ್ರಿಲಿನಲ್ಲಿ ಬೆಂಕಿಗೆ ತುತ್ತಾದಾಗ ಗೋಪುರಗಳೆರಡೂ ಘಂಟೆಗಳೊಡನೆ ಉಳಿದುಕೊಂಡವು. 2024ರ ನವೆಂಬರಿನಲ್ಲಿ ಉತ್ತರ ಗೋಪುರದ ಘಂಟೆಗಳು ಮತ್ತೆ ಕೂಡಿ ನುಡಿದಾಗ, ಕಟ್ಟಡದ ಬಾಗಿಲು ತೆರೆಯುವುದಕ್ಕೂ ಮುಂಚೆಯೇ, ಅದಕ್ಕೆ ಪುನರ್ಜನ್ಮವೇ ಆದಂತಿತ್ತು.

ಮೌನವೂ ಕೇಳುವವರಿಂದಲೇ ಅರ್ಥವನ್ನು ಪಡೆಯುತ್ತದೆಂಬುದಕ್ಕೆ ಇಂಗ್ಲೆಂಡು ಸಾಕ್ಷಿ. ಆ ದೇಶದ ಘಂಟಾವಿದ್ಯೆಯೇ ಬೇರೆ. ಅಲ್ಲಿ ಘಂಟೆಯನ್ನು ಪೂರ್ಣ ವೃತ್ತದಲ್ಲಿ ತಿರುಗಿಸಿ, ಒಂದೊಂದು ಹಗ್ಗಕ್ಕೆ ಒಬ್ಬೊಬ್ಬರಂತೆ ನಿಂತು, ಘಂಟೆಗಳ ಅನುಕ್ರಮವನ್ನು ಪ್ರತಿ ಸುತ್ತಿನಲ್ಲಿಯೂ ಬದಲಾಯಿಸುತ್ತ, ಯಾವ ಅನುಕ್ರಮವೂ ಪುನರುಕ್ತವಾಗದಂತೆ ನಡೆಸುತ್ತಾರೆ. ಏಳು ಘಂಟೆಗಳಿಗೆ ಸಾಧ್ಯವಾದ ಅನುಕ್ರಮಗಳು 5,040. ಅವನ್ನೆಲ್ಲ ಬಾರಿಸುವುದಕ್ಕೆ ಸುಮಾರು ಮೂರು ಗಂಟೆಗಳ ಕಾಲ ಬೇಕು. ಹನ್ನೆರಡು ಘಂಟೆಗಳಾದರೆ ಆ ಸಂಖ್ಯೆ 47,90,01,600. ಹದಿನೇಳನೆಯ ಶತಮಾನದಲ್ಲಿ ಫೇಬಿಯನ್ ಸ್ಟೆಡ್‌ಮನ್ನನಂಥವರು ಶಾಸ್ತ್ರದ ಮಟ್ಟಕ್ಕೆ ತಂದ ಈ ಕಲೆಯಲ್ಲಿ ಬರೆದ ಸ್ವರಲಿಪಿಯನ್ನು ನೋಡಿಕೊಳ್ಳುವಂತಿಲ್ಲ, ಸರದಿಯೆಲ್ಲವೂ ಕಂಠಸ್ಥವಾಗಿರಬೇಕು. ಇಂಥ ನಾದದ ನಾಡಿನಲ್ಲಿ 1940ರ ಜೂನ್ ತಿಂಗಳಿನಿಂದ, ಶತ್ರುಸೈನ್ಯವು ನೆಲಕ್ಕಿಳಿದ ವಾರ್ತೆಯನ್ನು ಸಾರುವುದಕ್ಕಲ್ಲದೆ ಇಗರ್ಜಿಯ ಘಂಟೆಗಳನ್ನು ಬಾರಿಸಕೂಡದೆಂಬ ಆಜ್ಞೆ ಜಾರಿಗೆ ಬಂದಿತು. ಭಾನುವಾರದ ಸೌಮ್ಯ ಸಂಗಾತಿಯಾಗಿದ್ದ ನಾದವು ಒಂದೇ ದಿನದಲ್ಲಿ ಎಲ್ಲರೂ ಭಯಪಡತಕ್ಕ ನಾದವಾಯಿತು. ಎಲ್ ಅಲಮೀನಿನ ಯುದ್ಧದಲ್ಲಿ ದೊರೆತ ವಿಜಯದ ತರುವಾಯ 1942ರ ನವೆಂಬರ್ 15ರಂದು ಅವು ಮತ್ತೆ ಮೊಳಗಿದಾಗ, ಬಾಂಬುಗಳಿಂದ ಹಾಳಾದ ಕಾವೆಂಟ್ರಿ ಕ್ಯಾಥೀಡ್ರಲಿನಲ್ಲಿ ಉಳಿದುನಿಂತ ಗೋಪುರದಿಂದಲೂ ಘಂಟಾನಾದ ಕೇಳಿಬಂದಿತು. ಎರಕವು ಅದೇ, ನಾಲಗೆಯು ಅದೇ. ಎರಡೂವರೆ ವರ್ಷಗಳ ಮೌನವನ್ನು ಹೊತ್ತ ಕಿವಿಗಳು ಮಾತ್ರ ಬೇರೆ.

ಘಂಟೆಯನ್ನು ಕೇಳುವವರಿಲ್ಲದ ಬರಿಯ ಲೋಹವೆಂದು ಎಣಿಸಿದರೆ ಏನಾಗುತ್ತದೆಂಬುದನ್ನೂ ಯೂರೋಪು ಕಂಡಿದೆ. ಕೊಲೋನಿನಲ್ಲಿ ಸಂತ ಪೀಟರನ ಘಂಟೆಗೆ ಮುಂಚೆ ಚಕ್ರವರ್ತಿಯ ಹೆಸರಿನ ಘಂಟೆಯೊಂದಿದ್ದಿತು. 1870ರ ಯುದ್ಧದಲ್ಲಿ ಫ್ರೆಂಚರಿಂದ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ಹೊಯ್ದ ಆ ಇಪ್ಪತ್ತೇಳು ಟನ್ನುಗಳ ಘಂಟೆಯು ಮೊದಲಿನಿಂದಲೂ ಸರಿಯಾಗಿ ನುಡಿಯಲಿಲ್ಲ; ಊರಿನವರು ಅದನ್ನು ಮಹಾಮೌನಿಯೆಂದು ಕರೆದರು. 1918ರಲ್ಲಿ ಅದನ್ನು ಇಳಿಸಿ ಮತ್ತೆ ಯುದ್ಧಸಾಮಗ್ರಿಗಾಗಿ ಕರಗಿಸಿದರು. ಫಿರಂಗಿಯಾಗಿ ಹುಟ್ಟಿದ ಕಂಚು ಅರ್ಧ ಶತಮಾನವೂ ತುಂಬುವುದರೊಳಗೆ ಯುದ್ಧಕ್ಕೇ ಹಿಂದಿರುಗಿತು. ಅದರ ಸ್ಥಾನಕ್ಕೆ ಬಂದ ಘಂಟೆಯ ಮೈಮೇಲೆ, ದೇಶದ ದುಃಖದಿಂದ ಹುಟ್ಟಿದ ತಾನು ಐಕ್ಯಕ್ಕಾಗಿ ಕರೆಯುತ್ತೇನೆಂಬ ಅಭಿಪ್ರಾಯದ ಲೇಖನವನ್ನು ಕೊರೆಯಿಸಿದರು. ಎರಡನೆಯ ಮಹಾಯುದ್ಧದಲ್ಲಿ ಈ ಅಪರಾಧವು ಸಾವಿರಮಡಿಯಾಯಿತು. ಜರ್ಮನ್ ಆಡಳಿತವು ತಾನು ಆಕ್ರಮಿಸಿದ ದೇಶಗಳಿಂದಲೂ ಸ್ವದೇಶದಿಂದಲೂ ಘಂಟೆಗಳನ್ನು ಇಳಿಸಿ, ವಯಸ್ಸನ್ನೂ ಮೌಲ್ಯವನ್ನೂ ನೋಡಿ ಎ, ಬಿ, ಸಿ, ಡಿ ಎಂಬ ವರ್ಗಗಳಾಗಿ ವಿಂಗಡಿಸಿ, ಅತ್ಯಂತ ಪ್ರಾಚೀನವಾದುವನ್ನು ಮಾತ್ರ ಉಳಿಸಿ, ಉಳಿದವನ್ನು ಕುಲುಮೆಗೆ ಕಳಿಸಿತು. ಹೀಗೆ ನಾಶವಾದುವು ಲಕ್ಷಕ್ಕೂ ಹೆಚ್ಚು. ಕುಲುಮೆಯ ಸರದಿಯನ್ನು ಕಾಯುತ್ತ ಹ್ಯಾಂಬರ್ಗಿನ ಬಂದರಿನಲ್ಲಿ ಸಾಲುಸಾಲಾಗಿ ಬಿದ್ದಿದ್ದ ಘಂಟೆಗಳ ಆ ಮೈದಾನವನ್ನು ಜನ ಘಂಟೆಗಳ ಸ್ಮಶಾನವೆಂದರು. ಯುದ್ಧದ ತರುವಾಯ ಅಲ್ಲಿ ಉಳಿದಿದ್ದ ಸಾವಿರಾರು ಘಂಟೆಗಳು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದವು.

ವಿಯೆನ್ನಾದ ಕಥೆ ಇದಕ್ಕೆ ತದ್ವಿರುದ್ಧವಾಗಿದೆ. 1683ರ ಮುತ್ತಿಗೆಯನ್ನು ತೆರವು ಮಾಡಿ ಓಡಿದ ತುರ್ಕಿಯ ಸೈನ್ಯವು ಬಿಟ್ಟುಹೋದ ಫಿರಂಗಿಗಳಿಂದ 1711ರಲ್ಲಿ ಹೊಯ್ದ ಪುಮ್ಮರಿನ್ ಎಂಬ ಮಹಾಘಂಟೆಯು, ಸಂತ ಸ್ಟೀಫನ್ ಕ್ಯಾಥೀಡ್ರಲು 1945ರ ಏಪ್ರಿಲಿನಲ್ಲಿ ಉರಿದಾಗ, ಸುಟ್ಟ ತೊಲೆಗಳಿಂದ ಕಳಚಿ ನೆಲಕ್ಕೆ ಬಿದ್ದು ಚೂರುಚೂರಾಯಿತು. ಆ ಚೂರುಗಳನ್ನೇ ಆಯ್ದು, ಕರಗಿಸಿ, 1951ರಲ್ಲಿ ಹೊಸ ಪುಮ್ಮರಿನ್ ಘಂಟೆಯನ್ನು ಹೊಯ್ದರು. ಮಾರನೆಯ ವರ್ಷದ ಏಪ್ರಿಲಿನಲ್ಲಿ ಅದು ರಸ್ತೆಯ ಮೂಲಕ ವಿಯೆನ್ನಾಕ್ಕೆ ಬಂದಾಗ ದಾರಿಯುದ್ದಕ್ಕೂ ಊರೂರಿನ ಜನ ಸಾಲುಗಟ್ಟಿ ನಿಂತು ಅದನ್ನು ಎದುರುಗೊಂಡರು. ಇಂದಿಗೂ ಆಸ್ಟ್ರಿಯಾದಲ್ಲಿ ಹೊಸ ವರ್ಷವು ಹುಟ್ಟುವುದು ಅದರ ನಾದದೊಡನೆ. ಹಳೆಯ ನಾದವು ಹಿಂದಿರುಗಿತೆಂದು ಆ ಜನ ಹೇಳುತ್ತಾರೆ. ಸ್ವರವನ್ನು ಅಳೆದು ನೋಡಿದವರು ಅದು ಬೇರೆಯೆಂದಾರು. ಆದರೆ ಆ ಕಂಚನ್ನು ಬೂದಿಯಲ್ಲಿ ಆಯ್ದವರ ಕಿವಿಯಲ್ಲಿ ಎರಡೂ ಒಂದೇ ಆಗಿರುವುದನ್ನು ನಾನು ಅಜ್ಞಾನವೆನ್ನಲಾರೆ. ಇಷ್ಟು ಹೊತ್ತು ಹೇಳಿದ ತತ್ತ್ವದ ಪ್ರಕಾರ ಅವರೇ ನಿಜವನ್ನು ಹೇಳುತ್ತಿದ್ದಾರೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವುದು ಪ್ರಾಮಾಣಿಕತೆಯಾಗದು. ಎಲ್ಲರಿಗೂ ಕೇಳಿಸುವ ನಾದವು ಎಲ್ಲರ ಮೇಲೆಯೂ ಹೇರಿದ ನಾದವಲ್ಲವೆ? ಈ ಪ್ರಶ್ನೆಯ ತೂಕವನ್ನು ಬಲ್ಲವರು ನಮ್ಮ ಕರಾವಳಿಯಲ್ಲಿಯೇ ಇದ್ದಾರೆ. ಹಳೆಯ ಗೋವೆಯ ಸೆ ಕ್ಯಾಥೀಡ್ರಲಿನ ಸುವರ್ಣಘಂಟೆಯು ಏಷ್ಯಾ ಖಂಡದ ಬಹು ದೊಡ್ಡ ಇಗರ್ಜಿ ಘಂಟೆಗಳಲ್ಲಿ ಒಂದೆಂದೂ ಅತಿ ಮಧುರವಾದ ನಾದವುಳ್ಳದ್ದೆಂದೂ ಪ್ರಸಿದ್ಧವಾಗಿದೆ. ಅದೇ ಘಂಟೆಯು ಧರ್ಮವಿಚಾರಣಾ ನ್ಯಾಯಾಲಯವು ಶಿಕ್ಷೆಗಳನ್ನು ಬಹಿರಂಗವಾಗಿ ಸಾರುವ ದಿನಗಳಲ್ಲಿಯೂ ನುಡಿಯುತ್ತಿದ್ದಿತು. ಪೋರ್ಚುಗೀಸರ ಕಾಲದಲ್ಲಿ ದೇವರನ್ನೂ ಮನೆಮಾತನ್ನೂ ಉಳಿಸಿಕೊಳ್ಳುವುದಕ್ಕಾಗಿ ಗೋವೆಯನ್ನು ಬಿಟ್ಟು ಕನ್ನಡ ಕರಾವಳಿಗೆ ಬಂದು ನೆಲಸಿದ ಕೊಂಕಣಿಗರ ಪೂರ್ವಿಕರಿಗೆ ಇಂಥ ನಾದವು ಮಧುರವಾಗಿ ಕೇಳಿಸಿದ್ದೀತೆ? ನ್ಯಾಯಾಲಯದ ಕಾಟಕ್ಕೆ ಒಳಗಾದ ಹೊಸ ಕ್ರೈಸ್ತರಿಗಾದರೂ ಹೇಗೆ ಕೇಳಿಸಿದ್ದೀತು? ಕಂಚಿನ ಶುದ್ಧಿಯೊಂದರಿಂದಲೇ ನಾದವು ಪವಿತ್ರವಾಗದು. ಬಾರಿಸುವವನು ಕೇಳುವವನ ಮೇಲೆ ಅಧಿಕಾರವನ್ನು ಸ್ಥಾಪಿಸುವುದಕ್ಕಾಗಿ ಬಾರಿಸಿದರೆ, ಆ ಅಧಿಕಾರದ ಕಹಿಯೂ ಅಂಶಸ್ವರಗಳಲ್ಲಿ ಒಂದಾಗಿ ಕಿವಿಯಲ್ಲಿ ಉಳಿಯುತ್ತದೆ. ಆದುದರಿಂದ ಘಂಟೆಯ ಅರ್ಧ ಕೇಳುವವನದೆಂಬ ಮಾತು ಬಾರಿಸುವವನಿಗೆ ಒಂದು ಹೊಣೆಯನ್ನೂ ಹೊರಿಸುತ್ತದೆ. ತನ್ನ ನಂಬಿಕೆಗೆ ಸೇರದವನ ಕಿವಿಗೂ ತನ್ನ ನಾದವು ಮುಟ್ಟುತ್ತದೆಂಬುದನ್ನು ಅವನು ಅರಿತಿರಬೇಕು. ಕಾಲವನ್ನೂ ಮಿತಿಯನ್ನೂ ಕಾಯಬೇಕು. ಆ ಅನ್ಯನಿಗೂ ತಲೆಯೆತ್ತಿ ನಿಂತು ಕೇಳಬೇಕೆನಿಸುವಂಥ ಗಾಂಭೀರ್ಯವನ್ನು ಸಾಧಿಸಬೇಕು. ಕೊಲೋನಿನ ಅಂಗಳದಲ್ಲಿ ಆ ಮತಕ್ಕೆ ಸೇರದ ನಾನು ನಿಂತು ಕೇಳಿದೆನಷ್ಟೆ. ನನ್ನನ್ನು ಯಾರೂ ಯಾವುದಕ್ಕೂ ಬಲವಂತಪಡಿಸಲಿಲ್ಲ. ಆ ನಾದವು ನನ್ನಿಂದ ಬಯಸಿದ್ದು ಗ್ರಹಣಶಕ್ತಿಯೊಂದನ್ನೇ.

ಕೊಲೋನಿನ ಮಹಾಘಂಟೆಗೂ ಒಂದು ವಿಪತ್ತು ಒದಗಿದುದನ್ನು ಹೇಳಿ ಈ ನಿರೂಪಣೆಯನ್ನು ಮುಗಿಸುತ್ತೇನೆ. 2011ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನ, ಘಂಟೆಯು ತೂಗುತ್ತಿರುವಾಗಲೇ ಸುಮಾರು 800 ಕಿಲೋಗ್ರಾಂ ತೂಕದ ಅದರ ನಾಲಗೆಯು ಮುರಿದು ಕೆಳಗೆ ಬಿದ್ದಿತು. ಅದೃಷ್ಟವಶದಿಂದ ಯಾರಿಗೂ ಗಾಯವಾಗಲಿಲ್ಲ. ಬಿದ್ದ ಆಘಾತವು ಭೂಕಂಪವನ್ನು ಅಳೆಯುವ ಯಂತ್ರಗಳಲ್ಲಿ ದಾಖಲಾಯಿತು. ಹೊಸ ನಾಲಗೆಯನ್ನು ಮಾಡಿಸುವಾಗ ಅದನ್ನು ಹಿಂದಿನದಕ್ಕಿಂತ ಹಗುರವಾಗಿ, ಸುಮಾರು 600 ಕಿಲೋಗ್ರಾಂ ತೂಕಕ್ಕೆ ಇಳಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಘಂಟೆಯು ಮತ್ತೆ ನುಡಿಯಿತು. ಭಾರವನ್ನು ಇಳಿಸಿದ್ದು ಲೋಹದ ಆಯಸ್ಸನ್ನು ಕಾಪಾಡುವುದಕ್ಕಾಗಿ. ಇಪ್ಪತ್ತನಾಲ್ಕು ಟನ್ನುಗಳ ಕಂಚನ್ನು ನುಡಿಸುವುದಕ್ಕೆ ಅಷ್ಟು ಕ್ರೂರವಾಗಿ ಹೊಡೆಯಬೇಕಾದುದಿಲ್ಲವೆಂಬ ಈ ವಿವೇಕವನ್ನು ನಾನು ಕೇವಲ ಯಂತ್ರಶಾಸ್ತ್ರದ ವಿಷಯವೆಂದು ಎಣಿಸಿಲ್ಲ. ದೊಡ್ಡದಾಗಿ ಕೇಳಿಸುವುದಕ್ಕೆ ಬಲವಾಗಿ ಬಡಿಯಬೇಕೆಂಬ ನಂಬಿಕೆ ನಮ್ಮ ಕಾಲದ ಸಭೆಗಳಲ್ಲಿಯೂ ಬೀದಿಗಳಲ್ಲಿಯೂ ಎಷ್ಟು ವ್ಯಾಪಕವಾಗಿದೆಯೆಂಬುದನ್ನು ತಾವೆಲ್ಲರೂ ಬಲ್ಲಿರಿ.

ಮಹನೀಯರೇ, ನಾವು ಈಗ ಬದುಕುತ್ತಿರುವ ನಗರಗಳಲ್ಲಿ ಶಬ್ದಕ್ಕೆ ಕೊರತೆಯಿಲ್ಲ; ಎಲ್ಲರೂ ಒಟ್ಟಿಗೆ ಕೇಳತಕ್ಕ ಶಬ್ದಕ್ಕೆ ಕೊರತೆಯಿದೆ. ಒಂದು ಕಡೆ ಧ್ವನಿವರ್ಧಕಗಳು ಒಂದರ ಮೇಲೊಂದು ಸ್ಪರ್ಧೆಗೆ ನಿಂತು ಕೇಳುವ ಶಕ್ತಿಯನ್ನೇ ಕುಂದಿಸುತ್ತಿವೆ. ಮತ್ತೊಂದು ಕಡೆ ಪ್ರತಿಯೊಬ್ಬನೂ ತನ್ನ ಕಿವಿಯನ್ನು ತನ್ನದೇ ಆದ ಸಂಗೀತದಿಂದ ಮುಚ್ಚಿಕೊಂಡು, ಪಕ್ಕದವನು ಕೇಳುತ್ತಿರುವುದನ್ನು ತಾನು ಕೇಳದವನಾಗಿದ್ದಾನೆ. ಇದಕ್ಕೆ ಪರಿಹಾರವಾಗಿ ನಾವೂ ಮಹಾಘಂಟೆಗಳನ್ನು ಕಟ್ಟಬೇಕೆಂದು ನಾನು ಸೂಚಿಸುತ್ತಿಲ್ಲ. ಆ ಘಂಟೆಗಳು ಏಳೆಂಟು ಶತಮಾನಗಳ ಯೂರೋಪಿನವರ ಜೀವನದಿಂದ ಹುಟ್ಟಿದವು, ಅವು ಅಲ್ಲಿಗೇ ಸಲ್ಲತಕ್ಕವು. ಆದರೆ ಅವುಗಳಿಂದ ಕಲಿಯಬಹುದಾದುದು ಒಂದುಂಟು. ನಾದವನ್ನು ಉಂಟುಮಾಡುವ ಹಕ್ಕನ್ನು ಕುರಿತು ನಾವು ಬಹಳ ಮಾತನಾಡುತ್ತೇವೆ. ನಾದವನ್ನು ಪೂರ್ಣಗೊಳಿಸುವ ಕೆಲಸವನ್ನು ಕುರಿತು ಮಾತನಾಡುವುದೇ ಇಲ್ಲ. ಕೇಳುವವನು ಗಾಳಿಯಲ್ಲಿ ಇಲ್ಲದ ಸ್ವರವನ್ನು ಮೂರು ಸುಳಿವುಗಳಿಂದ ಕಟ್ಟಿಕೊಳ್ಳಬಲ್ಲನಾದರೆ, ಅಂಥ ಶಕ್ತಿಯುಳ್ಳವನನ್ನು ಬರಿಯ ಶ್ರೋತೃವೆಂದು ಕಡೆಗಣಿಸುವುದು ತಪ್ಪು. ಸಂಗೀತಸಭೆಯಲ್ಲಾಗಲಿ, ನ್ಯಾಯಸಭೆಯಲ್ಲಾಗಲಿ, ಮನೆಯ ಊಟದ ಪಂಕ್ತಿಯಲ್ಲಾಗಲಿ, ನುಡಿದವನ ಮಾತಿಗೆ ಅದರ ಮುಖ್ಯಸ್ವರವನ್ನು ಕೊಡುವವನು ಆತನೇ. ಒಳ್ಳೆಯ ಗಾಯಕರನ್ನು ತಯಾರು ಮಾಡುವುದಕ್ಕೆ ನಮ್ಮಲ್ಲಿ ಶಾಲೆಗಳಿವೆ, ದತ್ತಿಗಳಿವೆ, ಪ್ರಶಸ್ತಿಗಳಿವೆ. ಒಳ್ಳೆಯ ಕಿವಿಗಳನ್ನು ತಯಾರು ಮಾಡುವುದನ್ನೂ ಅಷ್ಟೇ ಘನವಾದ ಸಾರ್ವಜನಿಕ ಕರ್ತವ್ಯವೆಂದು ನಾವು ಒಪ್ಪಿಕೊಳ್ಳಬೇಕು. ಮಕ್ಕಳಿಗೆ ದಿನಕ್ಕೆ ಕೆಲವು ನಿಮಿಷಗಳ ಕಾಲವಾದರೂ, ಒಂದೇ ಶಬ್ದವನ್ನು ಅದು ಪೂರ್ತಿ ಅಡಗುವ ತನಕ ಒಟ್ಟಿಗೆ ಕೇಳುವುದನ್ನು ಶಾಲೆಗಳಲ್ಲಿ ಅಭ್ಯಾಸ ಮಾಡಿಸಿದರೆ, ಆ ಶಬ್ದವು ಯಾವುದೇ ಆಗಿರಲಿ, ಅವರು ಮುಂದೆ ಒಬ್ಬರನ್ನೊಬ್ಬರು ಕೇಳಬಲ್ಲ ಪ್ರಜೆಗಳಾಗುತ್ತಾರೆಂಬುದು ನನ್ನ ದೃಢವಾದ ನಂಬಿಕೆ.